ಬಿಸಿಲಲ್ಲಿ ಕುಳಿತ ಗುರು

ಝಾನ್ ಆನ್ರಿ ಫಾಬ್ರೆ 1823ರಲ್ಲಿ ದಕ್ಷಿಣ ಫ್ರಾನ್ಸಿನ ಬಡ ಕುಟುಂಬವೊಂದರಲ್ಲಿ ಜನಿಸಿದನು. ಅಲ್ಪ ವೇತನದ ಉಪಾಧ್ಯಾಯನಾಗಿ ಜೀವನ ಸಾಗಿಸಿದನು. ಅವಿನ್ಯೋನ್ ನಗರದಲ್ಲಿ ಹೆಣ್ಣುಮಕ್ಕಳಿಗೆ ಹೂವು ಕಾಯಾಗುವ ಬಗೆಯನ್ನು ಬೋಧಿಸಿ ನಿಂದೆಗೆ ಗುರಿಯಾದನು. ಕೆಲಸವನ್ನೂ ಮನೆಯನ್ನೂ ತೊರೆಯಬೇಕಾಯಿತು. ಆದರೂ ಎದೆಗುಂದದೆ, 1879ರಲ್ಲಿ ಸೆರಿಞಾನ್ ಗ್ರಾಮದಲ್ಲಿ ಬೀಳುನೆಲವೊಂದನ್ನು ಕೊಂಡು ಕೀಟಗಳ ಅಧ್ಯಯನಕ್ಕೆ ಮೀಸಲಿಟ್ಟನು.

ಕೀಟಗಳಿಗೆ ಸೂರ್ಯನೇ ಒಲೆ. ಚಳಿಯಲ್ಲಿ ಜಡವಾಗಿರುವ ಪರಾವಲಂಬಿ ಕಣಜಗಳು ಬಿಸಿಲೇರಿದಂತೆ ಚುರುಕಾಗಿ ಆಸರೆಜೀವಿಯನ್ನು ಅರಸುತ್ತವೆ. ಅದಕ್ಕಾಗಿಯೇ ಫಾಬ್ರೆಯೂ ಜುಲೈ ತಿಂಗಳ ಸುಡುಬಿಸಿಲಿನಲ್ಲಿ ಕಾದು ಕುಳಿತನು. ಲ್ಯೂಕೋಸ್ಪಿಸ್ ಎಂಬ ಕಣಜವು ಜೇನುನೊಣವೊಂದರ ಮಣ್ಣಿನ ಗೂಡನ್ನು ಮೀಸೆಗಳಿಂದ ತಡವಿ, ಗಟ್ಟಿಗೋಡೆಯನ್ನು ಕೊರೆದು, ಒಳಗಿನ ಮರಿಹುಳುವಿನ ಬಳಿ ಮೊಟ್ಟೆಯಿಡುವುದನ್ನು ಕಂಡನು. ಬರಿದಾದ ಕೋಣೆಯನ್ನೂ ಅದು ಕೊರೆಯುವುದನ್ನು ನೋಡಿ, ಹುಟ್ಟರಿವೂ ಎಡವುತ್ತದೆಂದು ಅರಿತನು.

ಕಂಡುದನ್ನೆಲ್ಲ ಹತ್ತು ಸಂಪುಟಗಳಲ್ಲಿ ಬರೆದಿಟ್ಟು, 1915ರಲ್ಲಿ ಕಣ್ಮುಚ್ಚಿದನು. ಕೀಟದ ಹೊತ್ತನ್ನೇ ತನ್ನ ಹೊತ್ತಾಗಿಸಿಕೊಂಡ ತಾಳ್ಮೆಯೇ ಅವನ ನಿಜವಾದ ಉಪಕರಣವಾಗಿತ್ತು.