ಇಬ್ಬರು ಸಾಕ್ಷಿಗಳಿಲ್ಲದ ವಿಲ್

ಸ್ಟೀಗ್ ಲಾರ್ಸನ್ ಕಾದಂಬರಿ ಕೈಗೆತ್ತಿಕೊಂಡರೆ ಆ ರಾತ್ರಿಯ ನಿದ್ದೆ ಹೋಯಿತು ಅಂತಲೇ ಲೆಕ್ಕ. ಸ್ವೀಡನ್ನಿನ ಚಳಿ, ಹಳೇ ಶ್ರೀಮಂತ ಮನೆತನ, ದಶಕಗಳ ಹಿಂದೆ ಕಾಣೆಯಾದ ಹುಡುಗಿ, ಹುಡುಕಲು ಹೊರಟ ಪತ್ರಕರ್ತ, ಅವನ ಜೊತೆಗೆ ಲಿಸ್ಬೆತ್ ಸಲಾಂಡರ್ ಎಂಬ ಹ್ಯಾಕರ್. ಅಲ್ಲಿ ಗುಟ್ಟು ಕೊನೆಗೆ ಬಿಡಿಸಿಕೊಳ್ಳುತ್ತೆ. ಬರೆದವನ ಬದುಕಿನದ್ದು ಮಾತ್ರ ಹಾಗಾಗಲಿಲ್ಲ.

ಲಾರ್ಸನ್ ಹುಟ್ಟಿದ್ದು 1954ರಲ್ಲಿ, ಸ್ವೀಡನ್ನಿನ ಉತ್ತರ ಭಾಗದಲ್ಲಿ. ಚಿಕ್ಕಂದಿನಲ್ಲಿ ಬೆಳೆದದ್ದು ಅಜ್ಜ-ಅಜ್ಜಿಯ ಹತ್ತಿರ. ಅಜ್ಜ ನಾಜಿಗಳನ್ನು ಕಂಡರಾಗದ ಕಮ್ಯುನಿಸ್ಟ್. ಆ ಸಿಟ್ಟು ಮೊಮ್ಮಗನಿಗೂ ಬಂತು. 1972ರಲ್ಲಿ, ವಿಯೆಟ್ನಾಂ ಯುದ್ಧದ ವಿರುದ್ಧ ನಡೆದ ಸಭೆಯೊಂದರಲ್ಲಿ ಎವಾ ಗೇಬ್ರಿಯಲ್ಸನ್ ಪರಿಚಯವಾಯಿತು. ಮುಂದೆ ಆಕೆ ವಾಸ್ತುಶಿಲ್ಪಿಯಾದರು. ಈತ 1977ರಿಂದ ಸುಮಾರು ಎರಡು ದಶಕ ಟಿಟಿ ಎಂಬ ಸುದ್ದಿಸಂಸ್ಥೆಯಲ್ಲಿ ಕೆಲಸ ಮಾಡಿದರು. 1995ರಲ್ಲಿ ಗೆಳೆಯರ ಜೊತೆ 'ಎಕ್ಸ್‌ಪೋ' ಕಟ್ಟಿದರು. ಬಲಪಂಥೀಯ ಉಗ್ರ ಗುಂಪುಗಳ ಜಾತಕ ಬಿಚ್ಚಿಡುವುದೇ ಆ ಪತ್ರಿಕೆಯ ಕೆಲಸ. ಕೊಲೆ ಬೆದರಿಕೆಗಳು ಬರತೊಡಗಿದವು. ಗೌರಿ ಲಂಕೇಶರನ್ನು ಮನೆ ಬಾಗಿಲಲ್ಲೇ ಕಳೆದುಕೊಂಡ ಬೆಂಗಳೂರಿಗೆ ಆ ಭಯವನ್ನು ವಿವರಿಸಬೇಕಾಗಿಲ್ಲ.

ಇಬ್ಬರೂ ಮದುವೆಯಾಗದೆ ಇದ್ದದ್ದಕ್ಕೂ ಆ ಭಯವೇ ಕಾರಣ ಎನ್ನುತ್ತಾರೆ ಎವಾ. ಮದುವೆಯಾದರೆ ಸರ್ಕಾರಿ ದಾಖಲೆಯಲ್ಲಿ ಇಬ್ಬರ ವಿಳಾಸವೂ ಬರುತ್ತೆ, ಹುಡುಕುವವರಿಗೆ ಸುಲಭ.

ಬಿಡುವಿನ ಹೊತ್ತಲ್ಲಿ ಲಾರ್ಸನ್ ಮೂರು ಕಾದಂಬರಿ ಬರೆದು ಪ್ರಕಾಶಕರಿಗೆ ಕೊಟ್ಟರು. 2004ರ ನವೆಂಬರ್ 9ರಂದು ಲಿಫ್ಟ್ ಕೆಟ್ಟಿತ್ತು. ಕಚೇರಿಯ ಮೆಟ್ಟಿಲು ಹತ್ತಿದ ಮೇಲೆ ಹೃದಯಾಘಾತ. ವಯಸ್ಸು 50. ಮೊದಲ ಪುಸ್ತಕ ಬಂದದ್ದು ಮರುವರ್ಷ. ಆಮೇಲೆ ಲೋಕವೆಲ್ಲ ಕೋಟಿಗಟ್ಟಲೆ ಪ್ರತಿ ಖರ್ಚಾದವು.

32 ವರ್ಷ ಜೊತೆಗಿದ್ದ ಎವಾಗೆ ಆ ಪುಸ್ತಕಗಳ ಮೇಲೆ ಯಾವ ಹಕ್ಕೂ ಸಿಗಲಿಲ್ಲ. ಕಾನೂನಿನ ಪ್ರಕಾರ ಎಲ್ಲವೂ ತಂದೆ ಮತ್ತು ತಮ್ಮನಿಗೆ ಹೋಯಿತು. 1977ರಲ್ಲಿ ಆಫ್ರಿಕಾಕ್ಕೆ ಹೊರಡುವ ಮುಂಚೆ ಲಾರ್ಸನ್ ಬರೆದಿಟ್ಟ ವಿಲ್ ಒಂದು ಸಿಕ್ಕಿತು. ಅದರಲ್ಲಿ ಆಸ್ತಿಯನ್ನು ಎಡ ಸಂಘಟನೆಯೊಂದಕ್ಕೆ ಬಿಟ್ಟಿದ್ದರು. ಸಾಕ್ಷಿಗಳ ಸಹಿ ಇಲ್ಲದ್ದರಿಂದ ಅದೂ ನಡೆಯಲಿಲ್ಲ. ದುಡ್ಡಿಗಿಂತ ದೊಡ್ಡ ಜಗಳ ಬರಹದ ಮೇಲಿನ ಹಿಡಿತದ್ದು. 2015ರಲ್ಲಿ ಬೇರೊಬ್ಬ ಲೇಖಕರ ಕೈಲಿ ಸರಣಿಯ ನಾಲ್ಕನೇ ಪುಸ್ತಕ ಬರೆಸಿದಾಗ ಎವಾ ಬಲವಾಗಿ ವಿರೋಧಿಸಿದರು. ಪುಸ್ತಕ ಬಂದೇ ಬಂತು.

ಇದು ದೂರದ ಕತೆಯಲ್ಲ. ಬಿಟಿಎಂ ಲೇಔಟ್‌ನ ಒನ್ ಬಿಎಚ್‌ಕೆಗಳಲ್ಲಿ ಬಾಡಿಗೆ, ಇಎಂಐ, ಗ್ಯಾಸ್ ಬಿಲ್ ಹಂಚಿಕೊಂಡು ಮದುವೆಯಾಗದೆ ಬದುಕುವ ಜೋಡಿಗಳಿವೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ವಾರಸುದಾರರ ಪಟ್ಟಿಯಲ್ಲಿ ಗಂಡ, ಹೆಂಡತಿ, ಮಕ್ಕಳು, ಹೆತ್ತವರು, ನೆಂಟರೆಲ್ಲ ಇದ್ದಾರೆ. ಲಿವ್-ಇನ್ ಸಂಗಾತಿ ಅನ್ನೋ ಹೆಸರಿಲ್ಲ. ಹಾಗಂತ ದಾರಿಯೂ ಇಲ್ಲ ಅಂತಲ್ಲ. ಸ್ವಂತ ಸಂಪಾದನೆಯನ್ನು ಯಾರಿಗೆ ಬೇಕಾದರೂ ಬರೆದಿಡಬಹುದು. ವಿಲ್‌ಗೆ ಸ್ಟಾಂಪ್ ಪೇಪರ್ ಬೇಡ, ನೋಂದಣಿ ಕಡ್ಡಾಯವಲ್ಲ. ನಿಮ್ಮ ಸಹಿ, ಜೊತೆಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಅಷ್ಟೇ.

ಲಾರ್ಸನ್ ಪತ್ತೇದಾರಿಯಲ್ಲಿ ಸಣ್ಣ ಸುಳಿವನ್ನೂ ಬಿಟ್ಟವರಲ್ಲ. ಸ್ವಂತ ಮನೆಯ ಕಾಗದವೊಂದು ಬಾಕಿ ಉಳಿಯಿತು, ಬೆಲೆ ತೆತ್ತದ್ದು ಎವಾ.