ಹೆಪ್‌ಬರ್ನ್: ಯೋಕೋಹಾಮಾದ ವೈದ್ಯರೊಬ್ಬರ ವಿಶ್ವಾಸ

ಕನ್ನಡದ ‘ನಂಬು’ ಎಂಬ ಕ್ರಿಯಾಪದಕ್ಕೆ ಎರಡು ಬಗೆಯ ಪ್ರಯೋಗಗಳಿವೆ. ‘ದೇವರಿದ್ದಾನೆ ಎಂದು ನಂಬುತ್ತೇನೆ’ ಎನ್ನುವುದು ಒಂದು, ‘ದೇವರನ್ನು ನಂಬುತ್ತೇನೆ’ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಒಂದು ಸಂಗತಿಗೆ ಬುದ್ಧಿಯು ಕೊಡುವ ಒಪ್ಪಿಗೆಯಿದೆ. ಎರಡನೆಯದರಲ್ಲಿ ತನ್ನ ಬಾಳನ್ನೇ ಒಬ್ಬರ ಕೈಗೆ ಒಪ್ಪಿಸಿದ ಭಾವವಿದೆ. ಪ್ರೊಟೆಸ್ಟೆಂಟ್ ದೇವತಾಶಾಸ್ತ್ರಜ್ಞರು ವಿಶ್ವಾಸವನ್ನು ಅರಿವು, ಒಪ್ಪಿಗೆ, ಭರವಸೆ ಎಂದು ಮೂರು ಅಂಗಗಳಾಗಿ ವಿಂಗಡಿಸಿದರು. ಮೊದಲ ಎರಡೇ ಇದ್ದು ಮೂರನೆಯದು ಇಲ್ಲವಾದರೆ ಅದು ಬರಿಯ ನಂಬಿಕೆ ಮಾತ್ರ, ವಿಶ್ವಾಸವಲ್ಲ ಎಂಬುದು ಅವರ ತೀರ್ಮಾನ. ಈ ಭೇದವನ್ನು ಗ್ರಂಥಗಳಿಂದ ತಿಳಿಯುವುದಕ್ಕಿಂತ ಒಂದು ಬದುಕಿನಿಂದ ತಿಳಿಯುವುದು ಸುಲಭವೆಂದು ನನಗೆ ತೋರುತ್ತದೆ. ನಾನು ವಾಸಿಸುವ ಯೋಕೋಹಾಮಾ ನಗರದಲ್ಲಿ ಅಂಥ ಒಂದು ಬದುಕು ಮೂವತ್ತಮೂರು ವರ್ಷಗಳ ಕಾಲ ನಡೆಯಿತು. ಅದು ಜೇಮ್ಸ್ ಕರ್ಟಿಸ್ ಹೆಪ್‌ಬರ್ನ್ ಅವರದು.

ಹೆಪ್‌ಬರ್ನ್ 1815ರ ಮಾರ್ಚ್ 13ರಂದು ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಮಿಲ್ಟನ್ ಎಂಬ ಊರಿನಲ್ಲಿ ಹುಟ್ಟಿದರು. ಪ್ರಿನ್ಸ್‌ಟನ್ನಿನಲ್ಲಿ ಓದಿ, 1836ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದರು. 1840ರಲ್ಲಿ ಕ್ಲಾರಾ ಲೀಟ್ ಅವರನ್ನು ವಿವಾಹವಾಗಿ, ಮರುವರ್ಷವೇ ದಂಪತಿಗಳು ಪ್ರೆಸ್ಬಿಟೇರಿಯನ್ ಮಿಷನ್ನಿನ ಪರವಾಗಿ ಪೂರ್ವದೇಶಗಳಿಗೆ ಹೊರಟರು. ಸಿಂಗಾಪುರದಲ್ಲಿಯೂ ಚೀನದ ಅಮೋಯ್ ಬಂದರಿನಲ್ಲಿಯೂ ಕೆಲಸಮಾಡಿದ ಮೇಲೆ, ಅನಾರೋಗ್ಯದ ಕಾರಣ 1846ರಲ್ಲಿ ನ್ಯೂಯಾರ್ಕಿಗೆ ಹಿಂದಿರುಗಬೇಕಾಯಿತು. ಅಲ್ಲಿ ಹದಿಮೂರು ವರ್ಷಗಳಲ್ಲಿ ಅವರು ಹೆಸರುವಾಸಿಯಾದ ವೈದ್ಯರಾದರು, ಸಂಪತ್ತನ್ನೂ ಗಳಿಸಿದರು. ಆದರೆ ಆ ನಗರದಲ್ಲಿಯೇ ಮೂವರು ಎಳೆಯ ಮಕ್ಕಳನ್ನು ರೋಗಕ್ಕೆ ಕಳೆದುಕೊಂಡರು. ಊರಿಗೆ ಮದ್ದು ಕೊಡುವ ಕೈ ತನ್ನ ಮನೆಯ ಮಕ್ಕಳನ್ನು ಉಳಿಸಿಕೊಳ್ಳಲಾರದೆ ಹೋಯಿತು.

ನಂಬಿಕೆಯೆಂಬುದು ಕೇವಲ ಅಭಿಪ್ರಾಯವಾಗಿದ್ದರೆ ಇಂಥ ಪೆಟ್ಟಿನ ಮುಂದೆ ಅದು ಮುರಿಯಬಹುದು, ಇಲ್ಲವೆ ಭಾನುವಾರದ ರೂಢಿಯಾಗಿ ಉಳಿದುಬಿಡಬಹುದು. ಹೆಪ್‌ಬರ್ನರಲ್ಲಿ ಎರಡೂ ಆಗಲಿಲ್ಲ. ಜಪಾನಿನ ಬಂದರುಗಳು ತೆರೆಯಲಿವೆಯೆಂಬ ಸುದ್ದಿ ಬಂದಾಗ ಮನೆಮಾರುಗಳನ್ನು ಮಾರಿ, ವೃತ್ತಿಯನ್ನು ತ್ಯಜಿಸಿ, 1859ರ ಏಪ್ರಿಲಿನಲ್ಲಿ ಪತ್ನಿಯೊಡನೆ ಹಡಗು ಹತ್ತಿದರು. ಆಗ ಅವರಿಗೆ ನಲವತ್ತನಾಲ್ಕು ವರ್ಷ. ಬದುಕುಳಿದಿದ್ದ ಒಬ್ಬನೇ ಮಗನಾದ ಹದಿನಾಲ್ಕರ ಸ್ಯಾಮ್ಯುಯೆಲನನ್ನು ಅಮೆರಿಕದಲ್ಲಿಯೇ ಬಿಟ್ಟುಬಂದರು. ಈ ಒಂದು ಸಂಗತಿಯನ್ನು ಓದುವಾಗ ನನ್ನ ಮನಸ್ಸು ಈಗಲೂ ತಡೆಯುತ್ತದೆ. ತಂದೆಯ ವಿಶ್ವಾಸದ ಬೆಲೆಯಲ್ಲಿ ಒಂದು ಪಾಲನ್ನು ಮಗನು ತೆರಬೇಕಾಯಿತು, ಅದೂ ಅವನು ಆರಿಸಿಕೊಳ್ಳದೆಯೇ. ಹೆಪ್‌ಬರ್ನರನ್ನು ಕೊಂಡಾಡುವವರು ಇದನ್ನು ಮರೆಯಬಾರದು. ನಿಜವಾದ ವಿಶ್ವಾಸವು ದೋಷವಿಲ್ಲದ ನಿರ್ಧಾರಗಳನ್ನೇ ಕೊಡುತ್ತದೆಂದು ನಾನು ಹೇಳಲಾರೆ. ಅದು ಬದುಕನ್ನು ಪಣಕ್ಕೆ ಒಡ್ಡುತ್ತದೆ ಎಂದಷ್ಟೇ ಹೇಳಬಲ್ಲೆ.

ಅದೇ ವರ್ಷದ ಅಕ್ಟೋಬರಿನಲ್ಲಿ ದಂಪತಿಗಳು ಈಗಿನ ಯೋಕೋಹಾಮಾ ನಗರಕ್ಕೆ ಸೇರಿರುವ ಕಾನಾಗಾವಾಕ್ಕೆ ಬಂದು, ಜೋಬುತ್ಸುಜಿ ಎಂಬ ಬೌದ್ಧ ದೇವಾಲಯದಲ್ಲಿ ಬಿಡಾರ ಹೂಡಿದರು. ಕ್ರೈಸ್ತಧರ್ಮವು ಆಗ ಜಪಾನಿನಲ್ಲಿ ನಿಷಿದ್ಧವಾಗಿತ್ತು. ಊರೂರುಗಳಲ್ಲಿ ಅದನ್ನು ಸಾರುವ ಸರ್ಕಾರಿ ಹಲಗೆಗಳು ನಿಂತಿದ್ದವು. ಬೋಧಿಸುವಂತಿಲ್ಲ, ಪುಸ್ತಕ ಹಂಚುವಂತಿಲ್ಲ. ಬಾಯಿ ಮುಚ್ಚಿದ ಸ್ಥಿತಿಯಲ್ಲಿ ವಿಶ್ವಾಸಿಯು ಏನು ಮಾಡಬಹುದು? ಹೆಪ್‌ಬರ್ನ್ 1861ರಲ್ಲಿ ಸೋಕೋಜಿ ದೇವಾಲಯದಲ್ಲಿ ಚಿಕಿತ್ಸಾಲಯ ತೆರೆದರು. ರೋಗಿಗಳು ಸಾವಿರಗಟ್ಟಲೆ ಬಂದರು. ಚಿಕಿತ್ಸೆಗೆ ಹಣ ತೆಗೆದುಕೊಳ್ಳುತ್ತಿರಲಿಲ್ಲ. ಕೆಲವು ತಿಂಗಳುಗಳಲ್ಲಿಯೇ ಅಧಿಕಾರಿಗಳು ಅದನ್ನು ಮುಚ್ಚಿಸಿದರು. 1862ರಲ್ಲಿ ನಾಮಾಮುಗಿಯ ಬಳಿ ಸಾತ್ಸುಮಾ ಸಂಸ್ಥಾನದ ಸಮುರಾಯಿಗಳು ಆಂಗ್ಲರ ಮೇಲೆ ಕತ್ತಿಯೆತ್ತಿದಾಗ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದವರೂ ಇವರೇ. ಆ ವರ್ಷದ ಕೊನೆಗೆ ಯೋಕೋಹಾಮಾದ ವಿದೇಶೀಯರ ವಸತಿಯ 39ನೆಯ ನಿವೇಶನಕ್ಕೆ ಬಂದು ಮತ್ತೆ ಚಿಕಿತ್ಸಾಲಯ ನಡೆಸಿದರು. 1867ರಲ್ಲಿ ಪ್ರಸಿದ್ಧ ಕಬುಕಿ ನಟ ಮೂರನೆಯ ಸಾವಾಮುರಾ ತಾನೋಸುಕೆಯ ಕೊಳೆತ ಕಾಲನ್ನು ಕತ್ತರಿಸಿ ಪ್ರಾಣ ಉಳಿಸಿದರು. ಅಮೆರಿಕದಿಂದ ತರಿಸಿದ ಕೃತಕ ಕಾಲಿನಿಂದ ಆ ನಟನು ಮತ್ತೆ ರಂಗವೇರಿದನು.

ಹಗಲು ರೋಗಿಗಳು, ಉಳಿದ ಹೊತ್ತು ಪದಗಳು. ಕಣ್ಣುಬೇನೆಗೆ ಮದ್ದು ಕೇಳಿಬಂದ ಕಿಶಿದಾ ಗಿಂಕೋ ಅವರ ನೆರವಿನಿಂದ ಹೆಪ್‌ಬರ್ನ್ ಜಪಾನಿ–ಇಂಗ್ಲಿಷ್ ನಿಘಂಟನ್ನು ಸಿದ್ಧಪಡಿಸಿದರು. ಅದು 1867ರಲ್ಲಿ ಶಾಂಘೈನಲ್ಲಿ ಮುದ್ರಿತವಾಗಿ ಹೊರಬಂದಿತು. ಜಪಾನಿ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ, ಅವರದೇ ಹೆಸರಿನ ಪದ್ಧತಿ 1886ರ ಮೂರನೆಯ ಮುದ್ರಣದಿಂದ ಪ್ರಚಾರಗೊಂಡಿತು. ಇಲ್ಲಿನ ರೈಲು ನಿಲ್ದಾಣಗಳ ಫಲಕಗಳಲ್ಲಿ ಅದು ಇಂದಿಗೂ ಕಾಣುತ್ತದೆ. ಕನ್ನಡಿಗರಿಗೆ ಇಲ್ಲಿ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲ್ ಅವರ ನಿಘಂಟು ನೆನಪಾಗದಿರದು. ಇಬ್ಬರೂ ಬೋಧಿಸಲೆಂದು ಬಂದು ಮೊದಲು ಕಲಿಯಲು ಕುಳಿತವರು. ನೆರೆಯವನ ಮಾತನ್ನು ದಶಕಗಳ ಕಾಲ ತಾಳ್ಮೆಯಿಂದ ಆಲಿಸುವುದು ಸಹ ವಿಶ್ವಾಸದ ಒಂದು ಫಲವೆಂದು ನಾನು ಎಣಿಸುತ್ತೇನೆ. ತನ್ನ ಮತವನ್ನು ಗೆಲ್ಲಿಸುವುದಷ್ಟೇ ಗುರಿಯಾದವನಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ನಂಬಿಕೆ ಮತ್ತು ವಿಶ್ವಾಸಗಳ ಅಂತರವು ಆ ಕಾಲದ ಜಪಾನಿನಲ್ಲಿ ಎರಡು ಬಾರಿ ಪರೀಕ್ಷೆಗೆ ಒಳಗಾಯಿತು. ಮೊದಲನೆಯದು ಭಯದ ಪರೀಕ್ಷೆ. ನಾಗಾಸಾಕಿಯ ಉರಾಕಾಮಿಯಲ್ಲಿ ತಲೆಮಾರುಗಳಿಂದ ಗುಟ್ಟಾಗಿ ಕ್ರೈಸ್ತರಾಗಿದ್ದ ಮೂರು ಸಾವಿರಕ್ಕೂ ಹೆಚ್ಚು ರೈತಜನರನ್ನು 1868ರಿಂದ ಗಡೀಪಾರು ಮಾಡಲಾಯಿತು. ಆರು ನೂರಕ್ಕೂ ಹೆಚ್ಚು ಜನ ಪರಸ್ಥಳಗಳಲ್ಲಿ ಮಡಿದರು. ನಿಷೇಧವು ಜಾರಿಯಲ್ಲಿದ್ದಾಗಲೇ, 1872ರ ಮಾರ್ಚ್ 10ರಂದು, ಯೋಕೋಹಾಮಾದಲ್ಲಿ ಜೇಮ್ಸ್ ಬಾಲಾ ಅವರ ಕೈಯಿಂದ ಒಂಬತ್ತು ಮಂದಿ ತರುಣರು ದೀಕ್ಷಾಸ್ನಾನ ಪಡೆದು, ಜಪಾನಿನ ಮೊದಲ ಪ್ರೊಟೆಸ್ಟೆಂಟ್ ಸಭೆ ಹುಟ್ಟಿತು. ಅದೇ ವರ್ಷ, ಹೆಪ್‌ಬರ್ನರಿಗೆ ಭಾಷಾಕಾರ್ಯದಲ್ಲಿ ನೆರವಾಗುತ್ತಿದ್ದ ಓಕುನೋ ಮಾಸಾತ್ಸುನಾ ಎಂಬ ಸಮುರಾಯಿಯೂ ದೀಕ್ಷೆ ಪಡೆದರು. 1877ರಲ್ಲಿ ಅವರು ಸಭಾಪಾಲಕರಾದರು. ನಿಷೇಧದ ಹಲಗೆಗಳು ಇಳಿದದ್ದು 1873ರಲ್ಲಿ.

ಎರಡನೆಯದು ಅನುಕೂಲದ ಪರೀಕ್ಷೆ. 1880ರ ದಶಕದಲ್ಲಿ ಪಾಶ್ಚಾತ್ಯವೆಂಬುದೆಲ್ಲ ನಾಗರಿಕತೆಯ ಗುರುತಾದಾಗ ಕ್ರೈಸ್ತಮತವೂ ಅದರ ಜೊತೆಗೆ ಆಕರ್ಷಕವಾಯಿತು, ಸಭೆಗಳು ತುಂಬಿದವು. 1890ರ ದಶಕದಲ್ಲಿ ರಾಷ್ಟ್ರೀಯ ಭಾವನೆಯ ಗಾಳಿ ಬೀಸಿದಾಗ ಹಲವರು ಹೊರನಡೆದರು. ಭಯದ ಪರೀಕ್ಷೆಯಲ್ಲಿ ಜೊಳ್ಳು ಒಡನೆಯೇ ತೂರಿಹೋಗುತ್ತದೆ. ಅನುಕೂಲದ ಕಾಲದಲ್ಲಾದರೋ ಕಾಳೂ ಜೊಳ್ಳೂ ಒಂದೇ ರಾಶಿಯಲ್ಲಿ ಬಹಳ ದಿನ ಇರುತ್ತವೆ. ಆದುದರಿಂದ ಎರಡನೆಯದೇ ಹೆಚ್ಚು ಕಠಿಣವೆಂಬುದು ನನ್ನ ಅಭಿಪ್ರಾಯ.

ಈ ಏರಿಳಿತಗಳ ನಡುವೆ ಹೆಪ್‌ಬರ್ನರ ದಿನಚರಿ ಹೆಚ್ಚು ಬದಲಾಗಲಿಲ್ಲ. ಸಹೋದ್ಯೋಗಿಗಳೊಡನೆ ಅವರು ದುಡಿದ ಹೊಸ ಒಡಂಬಡಿಕೆಯ ಅನುವಾದ 1880ರಲ್ಲಿ ಪ್ರಕಟವಾಯಿತು, ಹಳೆಯ ಒಡಂಬಡಿಕೆಯದು 1887ರಲ್ಲಿ ಮುಗಿಯಿತು. ಕ್ಲಾರಾ ಅವರು 1863ರಲ್ಲಿ ಆರಂಭಿಸಿದ ಪಾಠಶಾಲೆಯಲ್ಲಿ, ಮುಂದೆ ಪ್ರಧಾನಿಯಾದ ತಾಕಾಹಾಶಿ ಕೊರೆಕಿಯೋ ಅವರು ಬಾಲಕರಾಗಿ ಇಂಗ್ಲಿಷ್ ಕಲಿತರು. ಆ ಪಾಠಶಾಲೆಯನ್ನು ತನ್ನ ಮೂಲವೆಂದು ಎಣಿಸುವ ಮೇಜಿ ಗಾಕುಯಿನ್ ವಿದ್ಯಾಸಂಸ್ಥೆಗೆ ಹೆಪ್‌ಬರ್ನ್ 1889ರಲ್ಲಿ ಅಧ್ಯಕ್ಷರಾದರು. ನಿಘಂಟಿನ ಹಕ್ಕಿನಿಂದ ಬಂದ ಹಣವನ್ನು ತಮಗಿಟ್ಟುಕೊಳ್ಳದೆ ಅಲ್ಲಿನ ವಿದ್ಯಾರ್ಥಿನಿಲಯಕ್ಕೆ ಕೊಟ್ಟರು. ಕಣ್ಣಿನ ಔಷಧಿಯ ತಯಾರಿಕೆಯನ್ನು ಕಿಶಿದಾ ಅವರಿಗೆ ಕಲಿಸಿಕೊಟ್ಟಿದ್ದರು. ಅದರ ಮಾರಾಟದಿಂದ ಕಿಶಿದಾ ಸಿರಿವಂತರಾದರು.

1892ರಲ್ಲಿ ವೃದ್ಧ ದಂಪತಿಗಳು ಅಮೆರಿಕಕ್ಕೆ ಹಿಂದಿರುಗಿದರು. ಕ್ಲಾರಾ 1906ರಲ್ಲಿ ತೀರಿಕೊಂಡರು. ಹೆಪ್‌ಬರ್ನ್ 1911ರ ಸೆಪ್ಟೆಂಬರ್ 21ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ನ್ಯೂಜೆರ್ಸಿಯ ಈಸ್ಟ್ ಆರೆಂಜ್‌ನಲ್ಲಿ ನಿಧನರಾದರು. ಅವರ ಹೆಸರು ಹೊತ್ತ ವಿದ್ಯಾರ್ಥಿನಿಲಯವೂ ಅದೇ ದಿನಾಂಕದಂದು ಬೆಂಕಿಗೆ ಆಹುತಿಯಾಯಿತು.

ಅವರು ದೀಕ್ಷೆ ಪಡೆದ ಪಾದ್ರಿಯಲ್ಲ, ಸಾಮಾನ್ಯ ಸಭಿಕರು. ದೇವತಾಶಾಸ್ತ್ರದಲ್ಲಿ ಹೊಸ ಸಿದ್ಧಾಂತವನ್ನೇನೂ ಅವರು ಸ್ಥಾಪಿಸಲಿಲ್ಲ. ಅವರು ಒಪ್ಪಿದ್ದ ತತ್ತ್ವಗಳನ್ನೇ ಅವರ ಕಾಲದ ಲಕ್ಷಾಂತರ ಅಮೆರಿಕನ್ನರೂ ಒಪ್ಪಿದ್ದರು. ವ್ಯತ್ಯಾಸವಿದ್ದುದು ತತ್ತ್ವದಲ್ಲಲ್ಲ, ಅದರ ಮೇಲೆ ಇಟ್ಟ ಭಾರದಲ್ಲಿ. ಹೊಳೆಯ ಮೇಲಿನ ಸಂಕವು ಗಟ್ಟಿಯೆಂದು ದಡದಲ್ಲಿ ನಿಂತು ಹೇಳುವವರು ಅನೇಕರು. ಅದರ ಮೇಲೆ ಕಾಲಿಟ್ಟವನಿಗೆ ಮಾತ್ರ ತನ್ನ ನಂಬಿಕೆ ಯಾವ ಬಗೆಯದೆಂದು ತಿಳಿಯುತ್ತದೆ. ಯಾವ ಧರ್ಮದವರಾದರೂ ಈ ಅಳತೆಗೋಲನ್ನು ಮೊದಲು ತಮಗೆ ಹಿಡಿದು ನೋಡಿಕೊಳ್ಳಬಹುದೆಂದು ನಾನು ಭಾವಿಸುತ್ತೇನೆ.