ಹೆಸರನ್ನು ಬಚ್ಚಿಟ್ಟ ಕವಿ

ಮುದ್ದಣನ ‘ಶ್ರೀರಾಮಾಶ್ವಮೇಧ’ವನ್ನು ತರಗತಿಯಲ್ಲಿ ಬೋಧಿಸುವಾಗ ಮನೋರಮೆಯ ಸರಸದ ಮಾತುಗಳಿಗೆ ವಿದ್ಯಾರ್ಥಿಗಳು ನಗುತ್ತಾರೆ; ನಾನೂ ನಗುತ್ತೇನೆ. ಆದರೆ ಪುಸ್ತಕವನ್ನು ಮುಚ್ಚಿದ ಮೇಲೆ ನನ್ನನ್ನು ಕಾಡುವುದು ಆ ಕವಿಯ ವಿನೋದವಲ್ಲ, ಅವನ ಸಂಕೋಚ.

ನಂದಳಿಕೆಯ ಲಕ್ಷ್ಮೀನಾರಣಪ್ಪನು ಹುಟ್ಟಿದ್ದು 1870ರಲ್ಲಿ, ಕಾರ್ಕಳದ ಸೀಮೆಯಲ್ಲಿ. ಮುದ್ದಣ ಎಂಬುದು ಎಳವೆಯ ಅಕ್ಕರೆಯ ಹೆಸರು. ಬಡತನದಿಂದ ಓದು ನಡುವೆಯೇ ನಿಂತಿತು. ಅಂಗಸಾಧನೆಯಲ್ಲಿ ಶಿಕ್ಷಣ ಪಡೆದು, ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯನಾದನು. ಹಗಲು ಹುಡುಗರಿಗೆ ಕವಾಯತು. ಬಿಡುವಿನಲ್ಲಿ ಹಳಗನ್ನಡ ಕಾವ್ಯಗಳ ವ್ಯಾಸಂಗ.

ಪಂಡಿತ ಪದವಿಯಿಲ್ಲದ ಡ್ರಿಲ್ ಮಾಸ್ತರನ ಕಾವ್ಯಕ್ಕೆ ಯಾರು ಬೆಲೆ ಕೊಟ್ಟಾರು ಎಂಬ ಅಳುಕು ಅವನನ್ನು ಬಾಧಿಸಿರಬೇಕು. ‘ಅದ್ಭುತ ರಾಮಾಯಣ’ವನ್ನು ಗದ್ಯದಲ್ಲಿಯೂ, ‘ಶ್ರೀರಾಮ ಪಟ್ಟಾಭಿಷೇಕ’ವನ್ನು ವಾರ್ಧಕ ಷಟ್ಪದಿಯಲ್ಲಿಯೂ ಬರೆದನು, ಅವುಗಳನ್ನು ತನ್ನವೆನ್ನದೆ, ಹಳೆಯ ಕೃತಿಗಳೆಂಬ ವೇಷ ತೊಡಿಸಿ ಮೈಸೂರಿನ ಪತ್ರಿಕೆಗೆ ಕಳುಹಿದನು. ವಿದ್ವಾಂಸರು ನಂಬಿ ಮೆಚ್ಚಿದರು. ತನ್ನ ಬರವಣಿಗೆಯಲ್ಲಿ ಅವನಿಗೆ ವಿಶ್ವಾಸವಿತ್ತು. ತನ್ನ ಹೆಸರಿನಲ್ಲಿ ಮಾತ್ರ ಇರಲಿಲ್ಲ. ಮರೆಯಲ್ಲಿ ನಿಲ್ಲುವುದೇ ಆ ತರುಣನಿಗೆ ತಿರಸ್ಕಾರವನ್ನು ತಡೆಯುವ ಗುರಾಣಿಯಾಯಿತು.

ಆದರೂ ಅದುಮಿಟ್ಟ ದನಿ ಎಲ್ಲಾದರೂ ಹೊರಡಲೇಬೇಕಷ್ಟೆ. ‘ಶ್ರೀರಾಮಾಶ್ವಮೇಧ’ದಲ್ಲಿ ಮನೋರಮೆ ಯಾವ ಅಳುಕೂ ಇಲ್ಲದೆ ಕಥೆಯನ್ನು ತಡೆಯುತ್ತಾಳೆ, ತನಗೆ ಪದ್ಯ ಬೇಡ, ಗದ್ಯವೇ ಬೇಕೆನ್ನುತ್ತಾಳೆ, ಸಂಸ್ಕೃತದ ಬಿಗಿ ಹೆಚ್ಚಿದರೆ ಗಂಡನನ್ನೇ ಗದರಿಸುತ್ತಾಳೆ. ಪಂಡಿತರೆದುರು ತಾನು ಆಡಲಾರದ್ದನ್ನು ಕವಿ ಅವಳಿಂದ ಆಡಿಸಿದನೆಂದೇ ನನ್ನ ಎಣಿಕೆ. ಕಥೆ ಹೇಳುವವನಿಗೆ ಮುದ್ದಣನೆಂದು ಹೆಸರಿಟ್ಟದ್ದೂ, ಮರೆಯಿಂದ ಒಮ್ಮೆ ಇಣಿಕಿ ನೋಡಿದಂತೆಯೇ ಇದೆ.

1901ರಲ್ಲಿ, 31ನೆಯ ವಯಸ್ಸಿನಲ್ಲಿ, ಕ್ಷಯರೋಗ ಅವನನ್ನು ಒಯ್ದಿತು. ಹಳೆಯ ಕವಿಯೆಂದು ಭ್ರಮಿಸಿದವನು ತಮ್ಮ ಕಾಲದ ಬಡ ಉಪಾಧ್ಯಾಯನೆಂಬುದು ನಾಡಿನ ರಸಿಕರಿಗೆ ಚೆನ್ನಾಗಿ ಮನದಟ್ಟಾಗುವ ವೇಳೆಗೆ ವರ್ಷಗಳೇ ಉರುಳಿದ್ದವು. ಸಲ್ಲಬೇಕಾದ ಗೌರವ ಸಂದಿತು, ಪಡೆಯಬೇಕಾದವನು ಇರಲಿಲ್ಲ.

ಕೆಲವು ವರ್ಷಗಳ ಹಿಂದೆ, ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ ನನ್ನ ಮೇಜಿನ ಮೇಲೆ ಒಂದು ಕವಿತೆಯನ್ನಿಟ್ಟು, ತಮ್ಮೂರಿನ ಹಿರಿಯರೊಬ್ಬರು ಬರೆದದ್ದೆಂದು ಹೇಳಿದ. ನಾನು ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿ ಹಿಂದಿರುಗಿಸಿದೆ. ಅವನು ತಲೆತಗ್ಗಿಸಿ ಹೋದ. ಮತ್ತೆ ಏನನ್ನೂ ತರಲಿಲ್ಲ. ಆ ಹಿರಿಯರು ಯಾರೆಂಬುದು ನನಗೆ ಹೊಳೆಯುವ ಹೊತ್ತಿಗೆ ಅವನು ಕಾಲೇಜು ಬಿಟ್ಟಿದ್ದ. ಮುದ್ದಣನನ್ನು ಅಷ್ಟು ವರ್ಷ ಪಾಠ ಹೇಳಿಯೂ, ಎದುರಿಗೆ ನಿಂತ ಮುದ್ದಣನನ್ನು ನಾನು ಗುರುತಿಸಲಿಲ್ಲ.